ಗುರಿಯ ಹಿಂದೆ

"ಒಬ್ಬರೇ ಬಂದಿದ್ದೀರಾ?" ಎಂದು ಕೌಂಟರಿನ ಆಚೆ ನಿಂತವನು ಕೇಳಿದ. ಹೌದು ಎಂದೆ. "ನಿಮ್ಮದೇ ಪಿಸ್ತೂಲು ಇದೆಯಾ?" ಇಲ್ಲ, ಬಾಡಿಗೆಗೆ ಬೇಕು ಎಂದೆ. ಅವನ ಮುಖ ಬಿಗಿದುಕೊಳ್ಳಲಿಲ್ಲ, ದನಿಯೂ ಏರಲಿಲ್ಲ. "ಹಾಗಾದರೆ ಇವತ್ತು ಆಗುವುದಿಲ್ಲ. ಇನ್ನೊಂದು ದಿನ ಯಾರನ್ನಾದರೂ ಜೊತೆಗೆ ಕರೆದುಕೊಂಡು ಬನ್ನಿ" ಅಂದ.

ಡಲ್ಲಾಸ್ ಪಕ್ಕದ ನಮ್ಮ ಊರಿನಲ್ಲಿ ಶನಿವಾರ ಬೆಳಗಿನ ಹೊತ್ತು. ಕಾರಿಗೆ ಬಂದು ಕೂತೆ. ಅವಮಾನವಾದಂತಾಗಿತ್ತು. ನನ್ನ ಬಣ್ಣ ನೋಡಿ ಹೇಳಿದನೋ, ಇಂಗ್ಲಿಷಿನ ಉಚ್ಚಾರಣೆ ಕೇಳಿ ಹೇಳಿದನೋ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಹತ್ತು ವರ್ಷದಿಂದ ಬಂದೂಕು ಹಿಡಿದು ಪಳಗಿದ ಗೆಳೆಯನೊಬ್ಬನಿದ್ದಾನೆ, ತುಮಕೂರಿನ ಕಡೆಯವನು. ಅವನಿಗೆ ಫೋನ್ ಮಾಡಿ ಬೈದೆ. ಅವನು ನಗಲಿಲ್ಲ. "ಅದು ನಿನ್ನ ವಿಷಯ ಅಲ್ಲ ಕಣೋ. ತುಂಬಾ ರೇಂಜ್‌ಗಳಲ್ಲಿ ಆ ನಿಯಮ ಇದೆ. ಸ್ವಂತ ಪಿಸ್ತೂಲು ಇಲ್ಲದೆ ಒಬ್ಬನೇ ಬಂದು ಬಾಡಿಗೆಗೆ ಕೇಳುವವರಲ್ಲಿ ಕೆಲವರು ಕಾಗದಕ್ಕೆ ಹೊಡೆಯೋಕೆ ಬಂದಿರಲ್ಲ" ಅಂದ.

ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಕಾರು ಚಾಲು ಮಾಡಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.

ನನಗೆ ಯಾಕೆ ಪಿಸ್ತೂಲು ಬೇಕಾಗಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆತ್ಮರಕ್ಷಣೆಗಲ್ಲ. ಟೆಕ್ಸಾಸ್‌ನಲ್ಲಿ 2021ರಿಂದ ಪರವಾನಗಿ ಇಲ್ಲದೆಯೂ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬಹುದು, ಆದರೆ ಆ ಆಸೆ ನನಗೆ ಯಾವತ್ತೂ ಬಂದಿಲ್ಲ. ನನಗೆ ಬೇಕಾಗಿದ್ದು ಗುರಿ ಇಟ್ಟು ಹೊಡೆಯುವ ಆಟ. ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಕೊಡಗಿನ ಗೆಳೆಯನೊಬ್ಬ ಕೈಲ್‌ಪೊಳ್ದ್ ಹಬ್ಬಕ್ಕೆ ವಿರಾಜಪೇಟೆಯ ಕಡೆಯ ತನ್ನ ಮನೆಗೆ ಕರೆದುಕೊಂಡು ಹೋಗಿದ್ದ. ದೀಪದ ಮುಂದೆ ಕೋವಿಗಳನ್ನು ಸಾಲಾಗಿ ಇಟ್ಟು ತೋಕ್‌ಪೂ ಮುಡಿಸಿದ್ದರು. ಮಧ್ಯಾಹ್ನ ಎತ್ತರದ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಹೊಡೆದರು. ಕಾಯಿ ಒಡೆದು ನೀರು ಚಿಮ್ಮಿದಾಗ ಎದ್ದ ಕೂಗು ಮೂವತ್ತು ವರ್ಷವಾದರೂ ಕಿವಿಯಲ್ಲಿದೆ. ಅಂದು ನನ್ನ ಕೈಗೆ ಕೋವಿ ಕೊಡಲಿಲ್ಲ. ಆ ಆಸೆ ಹಾಗೇ ಉಳಿದಿತ್ತು. ಅಮೆರಿಕಕ್ಕೆ ಬಂದ ಮೇಲೆ ಕಾನೂನು ಅಡ್ಡವಾಯಿತು. ತಾತ್ಕಾಲಿಕ ವೀಸಾದ ಮೇಲಿರುವವರು, ಬೇಟೆಯ ಪರವಾನಗಿಯಂಥ ಒಂದೆರಡು ವಿನಾಯಿತಿ ಬಿಟ್ಟರೆ, ಇಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಗ್ರೀನ್ ಕಾರ್ಡಿಗೆ ನಮ್ಮವರು ಎಷ್ಟು ವರ್ಷ ಕಾಯುತ್ತಾರೆಂದು ಎಲ್ಲರಿಗೂ ಗೊತ್ತು. ಅದು ಕೈಗೆ ಬಂದ ಎರಡನೇ ತಿಂಗಳಲ್ಲಿ ನಾನು ಆ ಕೌಂಟರಿನ ಮುಂದೆ ನಿಂತಿದ್ದೆ.

ಮುಂದಿನ ವಾರ ಗೆಳೆಯ ಜೊತೆಗೆ ಬಂದ. ಗಾಜಿನ ಪೆಟ್ಟಿಗೆಯೊಳಗೆ ಐವತ್ತು ಅರವತ್ತು ಪಿಸ್ತೂಲುಗಳು. ಮದುವೆ ಸೀರೆ ಅಂಗಡಿಗೆ ಹೋದ ಗಂಡಸಿನ ಸ್ಥಿತಿ ನನ್ನದು. ಗೆಳೆಯ ಒಂದೇ ಮಾತು ಹೇಳಿದ: "ಆಟಕ್ಕೆ ಅಂದರೆ ದೊಡ್ಡದೇ ತಗೋ. ಚಿಕ್ಕದು ಜೇಬಿಗೆ, ದೊಡ್ಡದು ಗುರಿಗೆ."

ಇದರ ಹಿಂದಿನ ಲೆಕ್ಕ ಸರಳ. ಪಿಸ್ತೂಲಿನ ಬೆನ್ನಿನ ಮೇಲೆ ಹಿಂದೊಂದು, ಮುಂದೊಂದು ಸೈಟ್ ಇರುತ್ತದೆ. ಹಿಂದಿನದರ ಕಚ್ಚಿನೊಳಗೆ ಮುಂದಿನ ಮೊಳೆ ಸರಿಯಾಗಿ ಕೂರಬೇಕು. ಇವೆರಡರ ನಡುವಿನ ದೂರ ಹೆಚ್ಚಿದಷ್ಟೂ ಕಣ್ಣಿನ ತಪ್ಪು ಕಡಿಮೆ. ಪೂರ್ಣ ಅಳತೆಯ ಗ್ಲಾಕ್ 17ರಲ್ಲಿ ಆ ದೂರ ಸುಮಾರು 165 ಮಿಲಿಮೀಟರ್. ಅದೇ ಕಂಪನಿಯ ಚಿಕ್ಕ ಗ್ಲಾಕ್ 26ರಲ್ಲಿ 137ರ ಆಸುಪಾಸು. ಮೊಳೆ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ 25 ಮೀಟರ್ ಆಚೆ ದೊಡ್ಡದರಲ್ಲಿ ಗುಂಡು 15 ಸೆಂಟಿಮೀಟರ್ ತಪ್ಪುತ್ತದೆ, ಚಿಕ್ಕದರಲ್ಲಿ 18. ಜೊತೆಗೆ ತೂಕ. ಭಾರವಾದ ಪಿಸ್ತೂಲು ಒದೆತವನ್ನು ತಾನೇ ನುಂಗಿಕೊಳ್ಳುತ್ತದೆ. ಹಿಡಿಗೆ ಐದೂ ಬೆರಳು ಕೂರುತ್ತವೆ. ಇಷ್ಟೆಲ್ಲ ಒಳ್ಳೆಯ ಗುಣಗಳಿರುವ ವಸ್ತುವಿಗೆ ಒಂದೇ ದೋಷ: ಬಚ್ಚಿಟ್ಟುಕೊಳ್ಳುವುದು ಕಷ್ಟ.

ಈ ದೋಷವೇ ನನಗೆ ಬಹಳ ಹಿಡಿಸಿತು. ಬಚ್ಚಿಡಲಾಗದ್ದನ್ನು ಆರಿಸುತ್ತಿದ್ದೇನೆ, ಆದ್ದರಿಂದ ನನ್ನ ಉದ್ದೇಶ ಶುದ್ಧ ಎಂದು ಮನಸ್ಸಿನಲ್ಲೇ ವಕಾಲತ್ತು ಶುರುವಾಯಿತು. ಕೊಡಗಿನಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ರೂಢಿ. ಊರಿಗೆಲ್ಲ ಕೇಳಲೆಂದೇ ಹಾರಿಸುವುದು. ಅಲ್ಲಿ ಕೋವಿ ಗುಟ್ಟಿನ ವಸ್ತುವಲ್ಲ, ಮನೆಯ ಮಾತನ್ನು ಊರಿಗೆ ಮುಟ್ಟಿಸುವ ವಸ್ತು. ನನ್ನ ಉದ್ದ ನಳಿಕೆಯ ಪಿಸ್ತೂಲೂ ಆ ವಂಶದ್ದೇ, ದಿಂಬಿನಡಿಯ ವಂಶದ್ದಲ್ಲ ಎಂದುಕೊಂಡೆ. ಈಗ ಯೋಚಿಸಿದರೆ ಇದು ಪೂರ್ತಿ ಸುಳ್ಳು ವಾದವೇನಲ್ಲ. ನಾವು ಯಾವ ಉಪಕರಣವನ್ನು ಆರಿಸುತ್ತೇವೆ ಎಂಬುದರಲ್ಲಿ ನಾವು ಏನಾಗಲು ಒಪ್ಪಿದ್ದೇವೆ ಎಂಬುದೂ ಸ್ವಲ್ಪ ಇರುತ್ತದೆ. ಆದರೆ ವಕೀಲ ನಾನೇ, ಕಕ್ಷಿದಾರನೂ ನಾನೇ ಆಗಿದ್ದೆ.

ಮೂರು ಶನಿವಾರ ಮೂರು ಪಿಸ್ತೂಲು ಬಾಡಿಗೆಗೆ ತೆಗೆದುಕೊಂಡು ನೋಡಿದೆ. ಗ್ಲಾಕ್ 17: ಪ್ಲಾಸ್ಟಿಕ್ ಮೈ, ಖಾಲಿಯಿದ್ದಾಗ ಮುಕ್ಕಾಲು ಕೇಜಿಯೂ ತೂಗದು. ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿದ ಸಿಝಡ್ 75: ಪೂರ್ತಿ ಉಕ್ಕು, ಒಂದು ಕೇಜಿಯಷ್ಟು, ಕೈಯಲ್ಲಿ ಹಿಡಿದರೆ ಹಳೆಯ ಕಾಲದ ಒಳ್ಳೆ ಇಕ್ಕಳ ಹಿಡಿದಂತೆ. ಮೂರನೆಯದು 1911. ಅದರ ಹೆಸರೇ ಅದು ಹುಟ್ಟಿದ ವರ್ಷ. ಜಾನ್ ಬ್ರೌನಿಂಗ್ ಮಾಡಿದ್ದು. ಅದರ ಟ್ರಿಗರ್ ಹಿಂದಕ್ಕೆ ನೆಟ್ಟಗೆ ಜಾರುತ್ತದೆ, ತುದಿಯಲ್ಲಿ ಗಾಜಿನ ಕಡ್ಡಿ ಮುರಿದಂತೆ ಬಿಡುಗಡೆ. ಅಷ್ಟು ಚಂದದ ಯಂತ್ರವನ್ನು ನಾನು ಕೈಯಲ್ಲಿ ಹಿಡಿದದ್ದು ಕಡಿಮೆ. ಅದರ ಮೇಲೆ ಮನಸ್ಸಾಯಿತು. ಮನಸ್ಸಾದ ವಸ್ತುವಿನ ಕುಲಗೋತ್ರ ಕೆದಕುವುದು ನನ್ನ ಚಟ.

1911ರ ಗುಂಡಿನ ಗಾತ್ರ ಹೇಗೆ ನಿರ್ಧಾರವಾಯಿತು ಗೊತ್ತೇ? ಫಿಲಿಪ್ಪೀನ್ಸಿನಲ್ಲಿ ಯುದ್ಧ ಮಾಡುತ್ತಿದ್ದ ಅಮೆರಿಕದ ಸೈನಿಕರು, ಮೋರೊ ಹೋರಾಟಗಾರರು ತಮ್ಮ ರಿವಾಲ್ವರಿನ ಗುಂಡು ತಗುಲಿದರೂ ನಿಲ್ಲದೆ ಮೇಲೆ ಬೀಳುತ್ತಿದ್ದಾರೆ ಎಂದು ದೂರಿದರು. 1904ರಲ್ಲಿ ಒಬ್ಬ ಸೇನಾಧಿಕಾರಿ ಮತ್ತು ಒಬ್ಬ ಸೇನಾ ವೈದ್ಯ, ಥಾಂಪ್ಸನ್ ಮತ್ತು ಲಗಾರ್ಡ್, ಷಿಕಾಗೋದ ಕಸಾಯಿಖಾನೆಯ ದೊಡ್ಡಿಗಳಲ್ಲಿ ಜೀವಂತ ದನಗಳ ಮೇಲೆ ಬೇರೆ ಬೇರೆ ಗಾತ್ರದ ಗುಂಡು ಹಾರಿಸಿ ನೋಡಿದರು. ಮನುಷ್ಯರ ಹೆಣಗಳ ಮೇಲೂ ಹಾರಿಸಿದರು. ಪಾಯಿಂಟ್ 45ಕ್ಕಿಂತ ಕಡಿಮೆ ಬೇಡ ಎಂದು ಶಿಫಾರಸು ಮಾಡಿದರು. ಗ್ಲಾಕ್ ಮತ್ತು ಸಿಝಡ್ ಎರಡೂ ಬಳಸುವ 9 ಎಂಎಂ ತೋಟೆಯ ಪೂರ್ತಿ ಹೆಸರಲ್ಲಿ ಪ್ಯಾರಾಬೆಲ್ಲಮ್ ಎಂದಿದೆ. ಶಾಂತಿ ಬೇಕಿದ್ದರೆ ಯುದ್ಧಕ್ಕೆ ಸಿದ್ಧನಾಗು ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದ ಪದ. ಗ್ಲಾಕ್ 17 ಹುಟ್ಟಿದ್ದು ಆಸ್ಟ್ರಿಯಾದ ಸೈನ್ಯಕ್ಕಾಗಿ. ಅಂದರೆ ನನ್ನ ಶನಿವಾರದ ಆಟಿಕೆಯ ಒಂದೊಂದು ಅಳತೆಯ ಹಿಂದೆಯೂ ಒಂದು ಮೈ ಇದೆ.

ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. "ಜಾವೆಲಿನ್ ಏನು? ಈಟಿ ಅಲ್ವಾ? ನೀರಜ್ ಚೋಪ್ರಾ ಎಸೆದಾಗ ಯಾರ ಎದೆ ನೆನಪಾಯ್ತು ನಿಂಗೆ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಬಿಲ್ಲುಗಾರಿಕೆ, ಕತ್ತಿವರಸೆ, ಕುಸ್ತಿ ಎಲ್ಲವೂ ಕೊಲ್ಲುವುದನ್ನು ಕಲಿಸಿದ ವಿದ್ಯೆಗಳೇ. ಹುಟ್ಟಿನ ಕಳಂಕ ಕಾಲದಲ್ಲಿ ತೊಳೆದುಹೋಗುತ್ತದೆ. ಎರಡು ದಿನ ಅವನ ಮಾತು ಸರಿ ಎಂದೇ ಅನ್ನಿಸಿತ್ತು. ಆಮೇಲೆ ಹೊಳೆಯಿತು: ಈಟಿ ತನ್ನ ಹಳೆಯ ಕೆಲಸದಿಂದ ನಿವೃತ್ತವಾಗಿದೆ. ಇವತ್ತು ಯಾರೂ ಈಟಿ ಹಿಡಿದು ಶಾಲೆಗೆ ನುಗ್ಗುವುದಿಲ್ಲ. ಪಿಸ್ತೂಲು ನಿವೃತ್ತವಾಗಿಲ್ಲ. ಹಗಲು ರೇಂಜ್‌ನಲ್ಲಿ ಆಟಗಾರ, ರಾತ್ರಿ ಅದೇ ಹೆಸರಿನಲ್ಲಿ ಹಳೆಯ ನೌಕರಿ. ಕಳಂಕ ಹುಟ್ಟಿನದಾಗಿದ್ದರೆ ಮರೆಯಬಹುದಿತ್ತು. ಇದು ಇವತ್ತಿನ ಪತ್ರಿಕೆಯದು.

ಆಟವೇ ಬೇಕು ಎಂದಾದರೆ ಅದಕ್ಕೂ ದಾರಿಯಿದೆ. ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಜ್ಞಾನಿ ಆಟವೆಂದರೆ ಬೇಕಿಲ್ಲದ ಅಡ್ಡಿಗಳನ್ನು ನಾವಾಗಿಯೇ ಒಪ್ಪಿಕೊಂಡು ದಾಟಲು ಹೆಣಗುವುದು ಎಂಬರ್ಥದಲ್ಲಿ ವಿವರಿಸಿದ. ಕಾಗದದ ನಡುವೆ ತೂತಾಗಬೇಕಷ್ಟೇ ಎಂದರೆ ಎದ್ದು ಹೋಗಿ ಪೆನ್ಸಿಲಿನಿಂದ ಚುಚ್ಚಬಹುದು! ದೂರ ನಿಂತು, ನಡುಗುವ ಕೈಯಿಂದ, ಉಸಿರು ಹಿಡಿದು ತೂತು ಮಾಡುವುದರಲ್ಲೇ ಆಟವಿರುವುದು. ಹಾಗಿದ್ದಲ್ಲಿ ಗಾಳಿ ಪಿಸ್ತೂಲು ಸಾಕು. ಹತ್ತು ಮೀಟರ್ ದೂರ, 4.5 ಮಿಲಿಮೀಟರಿನ ಸೀಸದ ಚೂರು; ಮನು ಭಾಕರ್ 2024ರಲ್ಲಿ ಪ್ಯಾರಿಸ್‌ನಲ್ಲಿ ಪದಕ ಗೆದ್ದದ್ದು ಅದರಲ್ಲೇ. ಕಷ್ಟದಲ್ಲಿ ಅದು 9 ಎಂಎಂಗಿಂತ ಮೇಲೇ ಹೊರತು ಕೆಳಗಲ್ಲ. ಗಾಳಿ ಬೇಡವೆಂದರೆ ಪಾಯಿಂಟ್ 22 ಇದೆ. ಉದ್ದ ನಳಿಕೆ, ಪೂರ್ಣ ಗಾತ್ರ, ಒದೆತ ಇಲ್ಲವೆನ್ನುವಷ್ಟು ಕಡಿಮೆ, ತೋಟೆಯೂ ಅಗ್ಗ. ಕಲಿಯುವವರಿಗೆ ಅದೇ ಸರಿ ಎಂದು ರೇಂಜ್‌ನ ತರಬೇತುದಾರರೂ ಹೇಳುತ್ತಾರೆ. ಅದೂ ಕೊಲ್ಲಬಲ್ಲದು, ಆ ಮಾತು ಬೇರೆ.

ಆದರೂ ನನಗೆ 1911ರ ಮೇಲೇ ಕಣ್ಣು. ಯಾಕೆ? ಇಲ್ಲಿ ಒಂದು ತಪ್ಪೊಪ್ಪಿಗೆ ಬೇಕಾಗುತ್ತದೆ. ಪಾಯಿಂಟ್ 22 ಹೊಡೆದಾಗ ಆಟ ಆಡಿದಂತಾಗುತ್ತದೆ. ಪಾಯಿಂಟ್ 45 ಹೊಡೆದಾಗ ಮುಂಗೈಯಿಂದ ಹೆಗಲಿನವರೆಗೆ ಏನೋ ಹಾದುಹೋಗುತ್ತದೆ, ಎದುರಿನ ಗಾಳಿ ಮುಖಕ್ಕೆ ಬಡಿಯುತ್ತದೆ, ಮತ್ತು ಒಂದು ಗಳಿಗೆ ನಾನು ಬಹಳ ಗಂಭೀರ ಮನುಷ್ಯ ಅನ್ನಿಸುತ್ತದೆ. ಆ ಗಾಂಭೀರ್ಯ ಆಟದ್ದಲ್ಲ, ಸಾವಿನಿಂದ ಕಡ ತಂದದ್ದು. ಷಿಕಾಗೋದ ದನದೊಡ್ಡಿಯಿಂದ ತಂದದ್ದು. ನನಗೆ ರುಚಿಸುತ್ತಿದ್ದದ್ದು ಅದು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಒಪ್ಪಿಕೊಳ್ಳದೆ ಈ ಬರಹವನ್ನು ಮುಂದುವರಿಸಲಾರೆ.

ಗುರಿಕಾರರು ಇದಕ್ಕೆ ಇನ್ನೊಂದು ಸಮರ್ಥನೆ ಕೊಡುತ್ತಾರೆ: ಏಕಾಗ್ರತೆ. ಶೂಟಿಂಗ್ ಧ್ಯಾನದಂತೆ, ಮನಸ್ಸನ್ನು ತಿಳಿಯಾಗಿಸುತ್ತದೆ ಎನ್ನುತ್ತಾರೆ. ತಿಳಿಯಾಗುತ್ತದೆ, ನಿಜ. ಆದರೆ ಏಕಾಗ್ರತೆಗೆ ತನ್ನದೇ ಆದ ನೀತಿ ಇದೆಯೇ? ಓಯ್ಗೆನ್ ಹೆರಿಗೆಲ್ ಎಂಬ ಜರ್ಮನ್ ಪ್ರೊಫೆಸರ್ ಜಪಾನಿನಲ್ಲಿ ಬಿಲ್ಲುವಿದ್ಯೆ ಕಲಿತು, ಝೆನ್ ಮತ್ತು ಬಿಲ್ಲಿನ ಬಗ್ಗೆ ಬರೆದ ಪುಸ್ತಕ ಲೋಕಪ್ರಸಿದ್ಧ. ಅಹಂಕಾರ ಕರಗಿ ಬಾಣ ತಾನಾಗಿಯೇ ಬಿಡುಗಡೆಯಾಗುವ ಸ್ಥಿತಿಯ ಬಗ್ಗೆ ಅವನು ಬಹಳ ಸೊಗಸಾಗಿ ಬರೆದಿದ್ದಾನೆ. ಅದೇ ಹೆರಿಗೆಲ್ 1937ರಲ್ಲಿ ನಾತ್ಸಿ ಪಕ್ಷ ಸೇರಿದ್ದ. ಅಹಂಕಾರ ಕರಗಿದ ಜಾಗಕ್ಕೆ ಏನು ಬೇಕಾದರೂ ಬಂದು ಕೂರಬಹುದು ಎಂದಾಯಿತು.

ನಮ್ಮಲ್ಲಿ ಏಕಾಗ್ರತೆಯ ಕಥೆ ಎಂದರೆ ದ್ರೋಣರ ಪರೀಕ್ಷೆ. ಮರದ ಮೇಲೆ ಹಕ್ಕಿ. ಏನು ಕಾಣುತ್ತಿದೆ ಎಂದು ಗುರು ಕೇಳುತ್ತಾರೆ. ಯುಧಿಷ್ಠಿರ ಮರ ಕಾಣುತ್ತಿದೆ, ನೀವು ಕಾಣುತ್ತಿದ್ದೀರಿ, ತಮ್ಮಂದಿರು ಕಾಣುತ್ತಿದ್ದಾರೆ, ಹಕ್ಕಿಯೂ ಕಾಣುತ್ತಿದೆ ಎನ್ನುತ್ತಾನೆ. ಗುರು ಅವನನ್ನು ಪಕ್ಕಕ್ಕೆ ಸರಿಸುತ್ತಾರೆ. ಅರ್ಜುನನಿಗೆ ಹಕ್ಕಿಯ ಕಣ್ಣು ಮಾತ್ರ ಕಾಣುತ್ತದೆ ಎಂದು ನಾವು ಶಾಲೆಯಲ್ಲಿ ಕಲಿತೆವು. ವ್ಯಾಸರಲ್ಲಿ ಕಣ್ಣಲ್ಲ, ತಲೆ: ತಲೆ ಕಾಣುತ್ತಿದೆ, ಮೈ ಕಾಣುತ್ತಿಲ್ಲ ಎನ್ನುತ್ತಾನೆ. ಇನ್ನೊಂದು ಸಂಗತಿಯನ್ನು ಹೇಳುವವರು ಕಡಿಮೆ. ಆ ಹಕ್ಕಿ ನಿಜವಾದದ್ದಲ್ಲ, ದ್ರೋಣರು ಶಿಲ್ಪಿಗಳಿಂದ ಮಾಡಿಸಿ ಇಡಿಸಿದ ಬೊಂಬೆ. ನಮ್ಮ ಕಾಗದದ ಗುರಿಯ ಮುತ್ತಜ್ಜ ಅನ್ನಬಹುದು.

ರೇಂಜ್‌ಗೆ ಕಾಲಿಡುವ ಮೊದಲು ಪ್ರತಿಯೊಬ್ಬರೂ ಸುರಕ್ಷತೆಯ ನಿಯಮಗಳನ್ನು ಓದಿ ಸಹಿ ಹಾಕಬೇಕು. ನಾಲ್ಕು ನಿಯಮಗಳು ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಪ್ರತಿ ಬಂದೂಕಿನಲ್ಲೂ ಗುಂಡಿದೆ ಎಂದೇ ತಿಳಿ. ನಾಶವಾಗಬಾರದ್ದರ ಕಡೆ ನಳಿಕೆ ತಿರುಗಿಸಬೇಡ. ಸೈಟ್ ಗುರಿಯ ಮೇಲೆ ಕೂರುವ ತನಕ ಟ್ರಿಗರ್ ಮುಟ್ಟಬೇಡ. ನಾಲ್ಕನೆಯದು: ನಿನ್ನ ಗುರಿ ಯಾವುದೆಂದೂ ಅದರ ಹಿಂದೆ ಏನಿದೆಯೆಂದೂ ತಿಳಿದಿರಲಿ.

ಐದನೆಯ ಸಲವೋ ಆರನೆಯ ಸಲವೋ ಸಹಿ ಹಾಕುವಾಗ ಪೆನ್ನು ನಿಂತಿತು. ಈ ನಾಲ್ಕನೆಯ ನಿಯಮದಲ್ಲಿ ಅರ್ಜುನ ಫೇಲು, ಯುಧಿಷ್ಠಿರ ಪಾಸು! ಮರದ ಆಚೆ ಯಾರಿದ್ದಾರೆ, ಪಕ್ಕದಲ್ಲಿ ತಮ್ಮಂದಿರು ಎಲ್ಲಿ ನಿಂತಿದ್ದಾರೆ, ಗುರು ಎಲ್ಲಿದ್ದಾರೆ ಎಂದು ನೋಡಿದವನು ಅವನು. ತಲೆ ಮಾತ್ರ ಕಂಡು ಮೈ ಕಾಣದವನಿಗೆ ಇಲ್ಲಿನ ತರಬೇತುದಾರ ಪಿಸ್ತೂಲು ಕೆಳಗಿಡಲು ಹೇಳುತ್ತಿದ್ದ. ಅರ್ಜುನನಿಗೂ ಇದು ಕಡೆಗೆ ತಿಳಿಯಿತು, ಬಹಳ ತಡವಾಗಿ. ಕುರುಕ್ಷೇತ್ರದಲ್ಲಿ ಅವನು ಹೇಳಿದ್ದು ಹೆಚ್ಚುಕಡಿಮೆ ಅಣ್ಣನ ಹಳೆಯ ಉತ್ತರವೇ: ಅಜ್ಜ ಕಾಣುತ್ತಿದ್ದಾರೆ, ಗುರು ಕಾಣುತ್ತಿದ್ದಾರೆ, ಅಣ್ಣತಮ್ಮಂದಿರು ಕಾಣುತ್ತಿದ್ದಾರೆ. ಆಗ ಬಿಲ್ಲು ಕೈಯಿಂದ ಜಾರಿತು.

ಪಿಸ್ತೂಲಿನ ವಿದ್ಯೆಯಲ್ಲಿ ಇನ್ನೊಂದು ವಿಚಿತ್ರವಿದೆ. ಮಾಮೂಲಿ ಸೈಟಿನಲ್ಲಿ ಗುರಿ ಇಡುವಾಗ ಕಣ್ಣು ಗುರಿಯ ಮೇಲೆ ನಿಲ್ಲಬಾರದು, ಮುಂದಿನ ಮೊಳೆಯ ಮೇಲೆ ನಿಲ್ಲಬೇಕು. ಮೊಳೆ ಸ್ಪಷ್ಟ, ಗುರಿ ಮಸುಕು. ಸರಿಯಾಗಿ ಹೊಡೆಯಬೇಕಾದರೆ ಏನನ್ನು ಹೊಡೆಯುತ್ತಿದ್ದೇವೋ ಅದು ಮಸುಕಾಗಲೇಬೇಕು. ಕಾಗದದ ಮೇಲೆ ವೃತ್ತಗಳಿದ್ದರೆ ಚಿಂತೆಯಿಲ್ಲ. ಮನುಷ್ಯನ ಆಕಾರ ಬರೆದ ಕಾಗದವೂ ಅದೇ ಕೌಂಟರಿನಲ್ಲಿ ಸಿಗುತ್ತದೆ, ಬೆಲೆಯಲ್ಲೂ ಅಂಥ ವ್ಯತ್ಯಾಸವಿಲ್ಲ. ನಾನು ಒಮ್ಮೆಯೂ ಅದನ್ನು ಕೊಂಡಿಲ್ಲ. ಇದು ದೊಡ್ಡ ಸಾಧನೆಯೇನೂ ಅಲ್ಲ, ಆದರೆ ಸಣ್ಣದೆಂದು ತಳ್ಳಿಹಾಕಲೂ ಮನಸ್ಸು ಬಾರದು.

ಕೊನೆಗೆ ಬಾಡಿಗೆ ಸಾಕು, ಕೊಂಡೇಬಿಡೋಣ ಎಂದು ತೀರ್ಮಾನಿಸಿದೆ. 1911 ಬಿಟ್ಟು ಸಿಝಡ್ 75 ಎಂದು ಮನಸ್ಸು ಗಟ್ಟಿಮಾಡಿದೆ. ಭಾರ ಸರಿ, ಸಮತೋಲ ಸರಿ, ನಾಟಕ ಕಡಿಮೆ. ಮನೆಯಲ್ಲಿ ವಿಷಯ ಎತ್ತಿದೆ. ಹೆಂಡತಿ ಪಾತ್ರೆ ಒರೆಸುತ್ತಿದ್ದಳು. 2023ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಆಲನ್‌ನ ಮಾಲಿನಲ್ಲಿ ಒಬ್ಬ ರೈಫಲ್ ಹಿಡಿದು ಬಂದು 8 ಜನರನ್ನು ಕೊಂದಿದ್ದ. ಅವರಲ್ಲಿ ಹೈದರಾಬಾದ್ ಕಡೆಯ ಯುವ ಎಂಜಿನಿಯರ್ ಒಬ್ಬಳು. ಅವಳು ಅದನ್ನೇ ಎತ್ತುತ್ತಾಳೆ ಎಂದುಕೊಂಡು ಉತ್ತರ ಸಿದ್ಧ ಮಾಡಿಕೊಂಡಿದ್ದೆ: ಅದು ರೈಫಲ್, ಇದು ಪಿಸ್ತೂಲು, ಅವನು ಅವನು, ನಾನು ನಾನು. ಅವಳು ಅದನ್ನು ಎತ್ತಲಿಲ್ಲ.

"ಅಲ್ರೀ, ಎಲ್ಲಿಡ್ತೀರಿ?" ಎಂದು ಕೇಳಿದಳು.

ಉಕ್ಕಿನ ಪೆಟ್ಟಿಗೆ ತರುತ್ತೇನೆ, ನನ್ನ ಬೆರಳಿಗೆ ಮಾತ್ರ ತೆರೆಯುತ್ತದೆ, ತೋಟೆ ಬೇರೆ ಕಡೆ ಬೀಗ ಹಾಕಿಡುತ್ತೇನೆ ಎಂದೆ. ಅವಳು ಮಹಡಿಯ ಕಡೆ ನೋಡಿದಳು. ಮಹಡಿಯ ಕೋಣೆಯಲ್ಲಿ ಮಗ ಬಾಗಿಲು ಹಾಕಿಕೊಂಡಿದ್ದ. ಹದಿನಾರು ವರ್ಷ. ಆ ವರ್ಷ ಅವನು ಮಾತು ಕಡಿಮೆ ಮಾಡಿದ್ದ, ಊಟ ಕಡಿಮೆ ಮಾಡಿದ್ದ, ಟೆನಿಸ್ ಬಿಟ್ಟಿದ್ದ. ವಯಸ್ಸಿನ ಸಹಜ ಸ್ವಭಾವ ಎಂದು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. "ಪೆಟ್ಟಿಗೆ ಸರಿ. ಒಂದು ದಿನ ನೀವು ಸುಸ್ತಾಗಿ ಬಂದು ಬೀಗ ಹಾಕೋದು ಮರೆತರೆ?" ಅಂದಳು. ಅಷ್ಟೇ ಮಾತು. ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸುತ್ತಿದ್ದಳು.

ನಾನು ಅಂಕಿಅಂಶ ನೋಡಿದ್ದೆ. ಅಮೆರಿಕದಲ್ಲಿ 2021ರಲ್ಲಿ ಬಂದೂಕಿನಿಂದ ಸತ್ತವರು 48,830 ಜನ. ಅವರಲ್ಲಿ 26,328 ಜನ ತಾವೇ ತಮ್ಮ ಮೇಲೆ ಹಾರಿಸಿಕೊಂಡವರು. ಕೊಲೆಯ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ, ಇದು ಬರುವುದಿಲ್ಲ. ದುಃಖದ ಗಳಿಗೆ ಮನುಷ್ಯನಿಗೆ ಬರುತ್ತದೆ, ಹೋಗುತ್ತದೆ. ಆ ಗಳಿಗೆಯಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಅದು ಹೋಗುವ ತನಕ ಅವನಿರುತ್ತಾನೋ ಇಲ್ಲವೋ ಎನ್ನುವುದು ನಿಂತಿರುತ್ತದೆ. ಕೌಂಟರಿನವನು ಮೊದಲ ದಿನ ನನ್ನನ್ನು ವಾಪಸು ಕಳಿಸಿದ್ದು ಈ ಲೆಕ್ಕ ಗೊತ್ತಿದ್ದೇ. ಅಪರಿಚಿತನಾದ ನನ್ನ ಬಗ್ಗೆ ಅವನು ವಹಿಸಿದಷ್ಟು ಎಚ್ಚರವನ್ನು ನಾನು ನನ್ನ ಮನೆಯ ಬಗ್ಗೆ ವಹಿಸಿರಲಿಲ್ಲ. ಯಾವ ನಳಿಕೆ, ಯಾವ ಹಿಡಿ, ಯಾವ ಟ್ರಿಗರ್ ಎಂದು ಆರು ತಿಂಗಳು ನೋಡಿದ್ದೆ. ಗುರಿಯ ಕಾಗದ, ಅದರ ಹಿಂದೆ ರಬ್ಬರಿನ ಗೋಡೆ, ಅದರ ಹಿಂದೆ ಮಣ್ಣು ಎಂದು ತಿಳಿದುಕೊಂಡಿದ್ದೆ. ಅದರ ಹಿಂದೆ ನನ್ನ ಮನೆಯ ಮಹಡಿ ಇತ್ತು.

ಹಾಗೆಂದು ಮನೆಯಲ್ಲಿ ಬಂದೂಕು ಇಟ್ಟವರೆಲ್ಲ ತಪ್ಪು ಮಾಡುತ್ತಿದ್ದಾರೆ ಎನ್ನಲಾರೆ. ಗೆಳೆಯನ ಮನೆಯಲ್ಲಿ ನಾಲ್ಕಿವೆ; ಅವನಷ್ಟು ಶಿಸ್ತಿನ ಮನುಷ್ಯ ಅಪರೂಪ. ಕೊಡಗಿನ ಮನೆಗಳಲ್ಲಿ ತಲೆಮಾರುಗಳಿಂದ ಇದೆ. ನನ್ನ ಪ್ರಶ್ನೆ ನನ್ನದು ಮಾತ್ರ: ನನ್ನ ಅರ್ಧ ಗಂಟೆಯ ಗಾಂಭೀರ್ಯಕ್ಕೆ ವಾರದ ಉಳಿದ ಗಂಟೆಗಳನ್ನು ಯಾರು ಕಾಯಬೇಕು? ಅವಳೇ ತಾನೇ.

ಆ ವರ್ಷದ ಆಯುಧಪೂಜೆಗೆ ಅವಳು ಕಾರಿಗೆ, ಮಿಕ್ಸಿಗೆ, ಲ್ಯಾಪ್‌ಟಾಪಿಗೆ, ಈಳಿಗೆಮಣೆಗೆ ಕುಂಕುಮ ಇಟ್ಟಳು. ಈಳಿಗೆಮಣೆ ಅವಳ ಅಮ್ಮ ಹಾಸನದಿಂದ ಸೂಟ್‌ಕೇಸಿನಲ್ಲಿ ತಂದದ್ದು. ನಮ್ಮ ಭಾಷೆಯಲ್ಲಿ ಎಲ್ಲಕ್ಕೂ ಒಂದೇ ಮಾತು, ಆಯುಧ. ಪೂಜೆಯ ದಿನ ಅದನ್ನು ಬಳಸುವುದಿಲ್ಲ, ಸುಮ್ಮನೆ ಕೂರಿಸುತ್ತೇವೆ. ಮಗ ಕೆಳಗಿಳಿದು ಬಂದು ತನ್ನ ಗಿಟಾರಿಗೂ ಇಡು ಅಂದ. ಬಹಳ ದಿನಗಳ ಮೇಲೆ ಅವನಾಗಿಯೇ ಕೆಳಗೆ ಬಂದಿದ್ದ. ಅವಳು ಕುಂಕುಮ ಇಡುವಾಗ ಕೈ ಸ್ವಲ್ಪ ನಡುಗಿತು, ತಂತಿ ಟಿಂಗೆಂದಿತು.

ಈಗಲೂ ತಿಂಗಳಿಗೊಂದು ಶನಿವಾರ ರೇಂಜ್‌ಗೆ ಹೋಗುತ್ತೇನೆ. ಒಬ್ಬನೇ ಹೋಗುವಂತಿಲ್ಲವಾದ್ದರಿಂದ ಗೆಳೆಯನೂ ಬರುತ್ತಾನೆ. ಹೆಚ್ಚಾಗಿ ಪಾಯಿಂಟ್ 22. ಒಮ್ಮೊಮ್ಮೆ ತಡೆಯಲಾರದೆ ಸಿಝಡ್. 1911 ಕೇಳುವುದನ್ನು ಬಿಟ್ಟಿದ್ದೇನೆ. ಕೌಂಟರಿನವನಿಗೆ ನನ್ನ ಗುರುತು ಸಿಕ್ಕಿದೆ. "ಬಾಡಿಗೆಗೆ ಕೊಟ್ಟ ದುಡ್ಡಲ್ಲಿ ಇಷ್ಟು ಹೊತ್ತಿಗೆ ಒಂದು ನಿಮ್ಮದೇ ಆಗುತ್ತಿತ್ತು. ಇನ್ನೂ ಆರಿಸಿಲ್ಲವಾ?" ಎಂದು ಕಳೆದ ವಾರ ನಗುತ್ತಾ ಕೇಳಿದ. ಇನ್ನೂ ನೋಡುತ್ತಿದ್ದೇನೆ ಎಂದೆ. ಅವನು ನಿಯಮಗಳ ಕಾಗದವನ್ನು ನನ್ನ ಕಡೆ ತಳ್ಳಿದ. ಓದಿ ಸಹಿ ಹಾಕಿದೆ.